ನೂರಾದ ಮೇಲೆ ಸೊನ್ನೆ

ಕಚೇರಿಯಲ್ಲಿ ಅವಳಿಗೆ ಮುಳ್ಳಕ್ಕ ಎಂದೇ ಹೆಸರು. ಬೆನ್ನ ಹಿಂದೆ ಆಡಿಕೊಳ್ಳುವ ಹೆಸರಲ್ಲ, ಎದುರಿಗೇ ಕರೆಯುತ್ತಿದ್ದರು, ಅವಳೂ ಓಗೊಡುತ್ತಿದ್ದಳು. ಅವಳ ಕಸುಬು ಅಂಥದು. ಮೊಬೈಲಿನ ಆ್ಯಪ್‌ಗಳಲ್ಲಿ ನಾವು ದಿನವೂ ಒತ್ತುವ ಗುಂಡಿ, ಬೆರಳಿನಿಂದ ಜಾರಿಸುವ ಪಟ್ಟಿ, ಇಷ್ಟಾಯಿತು ಅಷ್ಟಾಯಿತು ಎಂದು ತೋರಿಸುವ ಮುಳ್ಳು, ಇವನ್ನೆಲ್ಲ ಕೂತು ಒಂದೊಂದಾಗಿ ಮಾಡುವುದು. ಜನ ಆ್ಯಪನ್ನು ಹೊಗಳುತ್ತಾರೆ, ಇಲ್ಲವೇ ಹಿಡಿಶಾಪ ಹಾಕುತ್ತಾರೆ. ಅದರೊಳಗಿನ ಒಂದು ಮುಳ್ಳಿಗಾಗಿ ಯಾರೋ ಒಬ್ಬಳು ವಾರಗಟ್ಟಲೆ ಕಣ್ಣು ಕೆಂಪಗೆ ಮಾಡಿಕೊಂಡಿದ್ದಾಳೆ ಎಂಬುದು ಯಾರ ತಲೆಗೂ ಬರುವುದಿಲ್ಲ. ಬರಬೇಕಾಗಿಯೂ ಇಲ್ಲ, ಬಿಡಿ.

ಹೆಸರಿಗೆ ಇನ್ನೊಂದು ಕಾರಣ ಅವಳ ನಾಲಿಗೆ. ಬೇರೆಯವರ ಕೆಲಸದಲ್ಲಿ ಹುಳುಕು ಹುಡುಕುವುದರಲ್ಲಿ ಎತ್ತಿದ ಕೈ. ಯಾರಾದರೂ ಗುಂಡಿಯ ಅಂಚನ್ನು ಸರಿಯಾಗಿ ದುಂಡಗೆ ಮಾಡದಿದ್ದರೆ, "ಇದೇನು ಗುಂಡಿನೋ ಗುಳ್ಳೆನೋ?" ಎಂದು ಎಲ್ಲರೆದುರು ಕೇಳಿಬಿಡುವಳು. ವಯಸ್ಸು ನಲವತ್ತು ದಾಟಿತ್ತು. ಕುರ್ಚಿಗೆ ಮನೆಯಿಂದ ತಂದ ದಿಂಬು, ಮೇಜಿನ ಮೇಲೆ ಹಿಡಿ ಮುರಿದ ಟೀ ಲೋಟ, ಕಿಟಕಿಗೆ ಬೆನ್ನು. ಮದುವೆಯ ಮಾತು ಬಂದು, ಹೋಗಿ, ಮತ್ತೆ ಬಂದು, ಈಗ ಮನೆಯಲ್ಲಿ ಯಾರೂ ಅದನ್ನು ಎತ್ತುತ್ತಿರಲಿಲ್ಲ. ಅಪ್ಪ, ಅಮ್ಮ, ಅವಳು, ಎರಡನೇ ಮಹಡಿಯ ಮೂರು ಕೋಣೆ. ಅಷ್ಟೇ ಸಂಸಾರ.

ಅಪ್ಪ ಸಗಟು ತರಕಾರಿ ಮಾರುಕಟ್ಟೆಯಲ್ಲಿ ಹರಾಜು ಕೂಗುವವನು. ಕಂಚಿನ ಕಂಠ ಎನ್ನುತ್ತಾರಲ್ಲ, ಅದು ಅವನಿಗೆ ಹೊಗಳಿಕೆಯಲ್ಲ, ಅಳತೆ. ಮಾರುಕಟ್ಟೆಯವರು ಅವನ ಹೆಸರನ್ನೇ ಮರೆತು ಕಂಚಣ್ಣ ಎಂದು ಕರೆಯುತ್ತಿದ್ದರು. ಬೆಳಗ್ಗೆ ಈರುಳ್ಳಿ ಮೂಟೆಗಳ ಸಾಲಿನ ಮೇಲೆ ನಿಂತು ಅವನು ಬೆಲೆ ಏರಿಸುತ್ತ ಹೋದರೆ, ಮೂರು ಗೋದಾಮಿನಾಚೆ ಲಾರಿ ತೊಳೆಯುವವನಿಗೂ ಅಂದಿನ ದರ ಗೊತ್ತಾಗುತ್ತಿತ್ತು. ಕೊನೆಗೆ, "ಒಂದು ಸಲ... ಎರಡು ಸಲ... ಮೂರು ಸಲ!" ಎಂದು ಅಂಗೈಯಿಂದ ಮೂಟೆಗೆ ಪಟ್ಟೆಂದು ಬಡಿದನೆಂದರೆ ಮುಗಿಯಿತು, ಸಾಕ್ಷಾತ್ ಬ್ರಹ್ಮ ಬಂದರೂ ಬೆಲೆ ಬದಲಾಗುವುದಿಲ್ಲ. ಬೆಲೆ ಏರಿಸಲೆಂದೇ ವ್ಯಾಪಾರಿಗಳು ಗುಂಪಿನಲ್ಲಿ ನಿಲ್ಲಿಸುವ ಸುಳ್ಳು ಕೂಗುದಾರರಿರುತ್ತಾರಲ್ಲ, ಅಂಥವರನ್ನು ಅವರು ಬಾಯಿ ತೆರೆಯುವ ಮೊದಲೇ ಅಪ್ಪ ಪತ್ತೆ ಹಚ್ಚುತ್ತಿದ್ದ.

ತೊಂದರೆಯೆಂದರೆ ಆ ಕಂಠ ಮನೆಗೂ ಬರುತ್ತಿತ್ತು. ಅಪ್ಪ ಉಪ್ಪು ಕೇಳಿದರೆ ಕೆಳಗಿನ ಮನೆಯವರು ಎದ್ದು ಕೊಡಬೇಕು, ಹಾಗೆ. ಶಾಲೆಗೆ ಬಿಡಲು ಬಂದವನು ಗೇಟಿನಲ್ಲೇ ನಿಂತು "ಊಟ ಪೂರ್ತಿ ಮಾಡು!" ಎಂದು ಕೂಗಿದರೆ ಇಡೀ ತರಗತಿ ಕಿಸಕ್ಕನೆ ನಗುತ್ತಿತ್ತು. ಗೆಳತಿಯರು ಅವಳ ಬೆಂಚಿಗೆ ಬಡಿದು "ಒಂದು ಸಲ, ಎರಡು ಸಲ" ಎಂದು ಅಣಕಿಸುತ್ತಿದ್ದರು. ಅವಳು ಮನೆಗೆ ಬಂದು ಮುಖ ಊದಿಸಿಕೊಂಡು ಕೂರುವಳು.

"ಅಪ್ಪಾ, ಸ್ವಲ್ಪ ಮೆಲ್ಲಗೆ ಮಾತಾಡು. ನಾವೇನು ಕಿವುಡರಾ?"

ಈ ಮಾತನ್ನು ಅವಳು ಎಷ್ಟು ವರ್ಷ ಹೇಳಿದಳೋ ಲೆಕ್ಕವಿಲ್ಲ. ದೊಡ್ಡವಳಾದ ಮೇಲೆ, ಆಫೀಸಿನ ಫೋನು ಕೈಯಲ್ಲಿ ಹಿಡಿದು, ಕಣ್ಣು ಬಿಟ್ಟು ಸನ್ನೆಯಲ್ಲೇ ಹೇಳುತ್ತಿದ್ದಳು. ಅಪ್ಪ ತಟ್ಟನೆ ಬಾಯಿ ಮುಚ್ಚಿಕೊಂಡು, ಅವಳ ಫೋನು ಮುಗಿಯುವುದನ್ನೇ ಕಾದು, ಮತ್ತೆ ಅಷ್ಟೇ ಜೋರಾಗಿ ಶುರುಮಾಡುವನು.

ಆಮೇಲೆ ಒಂದು ಬೆಳಗ್ಗೆ ಮೂಟೆಗಳ ನಡುವೆಯೇ ಅವನಿಗೆ ಲಕ್ವ ಹೊಡೆಯಿತು. ಕೈಕಾಲು ತಕ್ಕಮಟ್ಟಿಗೆ ಸುಧಾರಿಸಿದವು. ಮನೆಯೊಳಗೆ ಓಡಾಡುವಷ್ಟಾದ, ಎಡಗೈ ಮಾತ್ರ ಜೋತುಬಿದ್ದಂತೆ ಇರುತ್ತಿತ್ತು. ಬುದ್ಧಿ ಎಲ್ಲೂ ಹೋಗಿರಲಿಲ್ಲ, ಹೇಳಿದ್ದೆಲ್ಲ ಅರ್ಥವಾಗುತ್ತಿತ್ತು. ಹೋದದ್ದು ದನಿ. ಬಾಯಿ ತೆರೆದರೆ ಗಾಳಿ ಬರುತ್ತಿತ್ತು, ಗಾಳಿಯ ತುದಿಯಲ್ಲಿ ಒಂದು ಚೂರು ಗೊರಗೊರ. ಮನೆ ಸದ್ದಿಲ್ಲದೆ ಬಿದ್ದುಕೊಂಡಿತು. ಮುಳ್ಳಕ್ಕ ಬಾಲ್ಯದಿಂದ ಬಯಸಿದ್ದ ಮೌನ ಅದೇ ಆಗಿತ್ತು, ಈಗ ಅದನ್ನು ಸಹಿಸುವುದು ಅವಳ ಕೈಲಾಗಲಿಲ್ಲ. ಊಟಕ್ಕೆ ಕೂತಾಗ ತಾನೇ ಏನಾದರೊಂದು ಗದ್ದಲ ಮಾಡುವಳು, ತಟ್ಟೆ ಕುಕ್ಕುವಳು.

ಅದೇ ಹೊತ್ತಿಗೆ ಕಚೇರಿಗೆ ಒಂದು ಹೊಸ ಕೆಲಸ ಬಂತು. ದನಿ ಕಳೆದುಕೊಂಡವರು ಮನೆಯಲ್ಲೇ ಅಭ್ಯಾಸ ಮಾಡಲು ಒಂದು ಆ್ಯಪ್. ಉಸಿರೆಳೆದು, ಗುಂಡಿ ಒತ್ತಿ, "ಆ" ಎಂದು ಎಳೆಯಬೇಕು. ದನಿ ಎಷ್ಟು ಜೋರಾಗಿದೆ ಎಂದು ಪರದೆಯ ಮೇಲೆ ಕಾಣಬೇಕು. ಅದಕ್ಕೆ ಲೀನಿಯರ್ ಗೇಜ್ ಬೇಕು ಎಂದರು. ದೊಡ್ಡ ಹೆಸರು, ವಸ್ತು ಸರಳ: ಜ್ವರದ ಕಡ್ಡಿಯ ಹಾಗೆ ಒಂದು ನೆಟ್ಟನೆಯ ಪಟ್ಟಿ, ಅದರ ಮೇಲೆ ಸೊನ್ನೆಯಿಂದ ನೂರರವರೆಗೆ ಗೀಟುಗಳು, ಕೆಳಗೆ ಕೆಂಪು, ನಡುವೆ ಹಳದಿ, ಮೇಲೆ ಹಸಿರು, ಪಕ್ಕದಲ್ಲಿ ಏರಿಳಿಯುವ ಮುಳ್ಳು. ಒಂದೇ ಸಲ ಬರೆದದ್ದು ಎಲ್ಲ ಬಗೆಯ ಫೋನು, ಟ್ಯಾಬ್ಲೆಟ್ಟು, ಕಂಪ್ಯೂಟರಿನ ಮೇಲೂ ಓಡಬೇಕು. ಕ್ರಾಸ್ ಪ್ಲಾಟ್‌ಫಾರ್ಮ್ ಎಂದರೆ ಇದೇ. ಅಮ್ಮ ಆ ಮಾತು ಕೇಳಿ, ಮಗಳಿಗೆ ರೈಲು ನಿಲ್ದಾಣದಲ್ಲೇನೋ ಕೆಲಸ ಬಿದ್ದಿದೆ ಎಂದುಕೊಂಡಿದ್ದಳು.

ಕೆಲಸವನ್ನು ಮುಳ್ಳಕ್ಕ ಕೇಳಿ ತೆಗೆದುಕೊಂಡಳು. ಯಾಕೆಂದು ಯಾರಿಗೂ ಹೇಳಲಿಲ್ಲ. ಎಲ್ಲರಿಗೂ ಗೊತ್ತೇ ಇತ್ತು.

ಅವಳ ಕಂಪ್ಯೂಟರಿಗೆ ಮೈಕ್ ಇರಲಿಲ್ಲ. ಮೈಕ್ ಇಲ್ಲದೆ ದನಿ ಇಲ್ಲ, ದನಿ ಇಲ್ಲದೆ ಮುಳ್ಳು ಅಲುಗುವುದಿಲ್ಲ, ಮುಳ್ಳು ಅಲುಗದೆ ಬಣ್ಣಗಳು ಸರಿಯಾಗಿ ಬದಲಾಗುತ್ತವೋ ಇಲ್ಲವೋ ನೋಡುವುದು ಹೇಗೆ? ಇಂಥ ಕಡೆ ಈ ಕಸುಬಿನವರೆಲ್ಲ ಮಾಡುವುದನ್ನೇ ಅವಳೂ ಮಾಡಿದಳು. ಮೈಕ್ ಸಿಗದಿದ್ದರೆ ಗುಂಡಿ ಒತ್ತಿದಾಗಲೆಲ್ಲ ಹಿಂದಿನ ಅಂಕಿಗೆ ಎರಡು ಕೂಡಿಸಿ ತೋರಿಸು, ನೂರಾದ ಮೇಲೆ ಸೊನ್ನೆಯಿಂದ ಶುರುಮಾಡು ಎಂದು ಪ್ರೋಗ್ರಾಮಿನಲ್ಲಿ ಪರೀಕ್ಷೆಯ ಮಟ್ಟಿಗೆ ಒಂದು ಡಮ್ಮಿ ಸಾಲು ಬರೆದಳು. ಮುಳ್ಳು ಒಂದೊಂದೇ ಹೆಜ್ಜೆ ಏರಿ ಕೆಂಪು ದಾಟಿತು, ಹಳದಿ ದಾಟಿತು, ಹಸಿರಿಗೆ ಬಂತು. ಮ್ಯಾನೇಜರು ಬಂದು ಹಿಂದೆ ನಿಂತು ನೋಡಿದ.

"ಚೆನ್ನಾಗಿದೆ ಮುಳ್ಳಕ್ಕ. ಆದ್ರೆ ಪ್ರತಿ ಸಲ ಮುಗಿದ ತಕ್ಷಣ ಮುಳ್ಳು ದಬಕ್ ಅಂತ ಬೀಳುತ್ತೆ. ಪಾಪ, ಕಾಯಿಲೆಯವರು ಗಾಬರಿ ಬೀಳ್ತಾರೆ. ಮೆತ್ತಗೆ ಇಳಿಯೋ ಹಾಗೆ ಮಾಡಿ."

ಅದು ಅವಳಿಗೂ ಸರಿ ಎನ್ನಿಸಿತು. ಮುಳ್ಳಿಗೆ ಮೆತ್ತಗೆ ಇಳಿಯುವುದನ್ನು ಕಲಿಸಿದಳು. ಕೆಲಸ ಮುಗಿದಾಗ ಡಮ್ಮಿ ಸಾಲನ್ನು ತೆಗೆಯಬೇಕಾಗಿತ್ತು. ಮೈಕ್ ಇಲ್ಲದ ಫೋನು ಎಲ್ಲಿರುತ್ತದೆ, ಆಮೇಲೆ ತೆಗೆದರಾಯಿತು ಎಂದು ಬಿಟ್ಟಳು.

ಪ್ರಯೋಗಕ್ಕೆಂದು ಕೆಲವು ಮನೆಗಳಿಗೆ ಟ್ಯಾಬ್ಲೆಟ್ ಕೊಟ್ಟರು. ಒಂದನ್ನು ಅವಳು ಮನೆಗೆ ತಂದು ಅಪ್ಪನ ಮಂಚದ ಪಕ್ಕ ಇಟ್ಟಳು. ಮೊದಲ ಸಲ ತೆರೆದಾಗ ಆ್ಯಪು ಮೈಕ್ ಬಳಸಬಹುದೇ ಎಂದು ಕೇಳುತ್ತದೆ. ಅವಳು ಆಗ ಅಡುಗೆಮನೆಯಲ್ಲಿ ಕೈ ತೊಳೆಯುತ್ತಿದ್ದಳು. ಟ್ಯಾಬ್ಲೆಟ್ ಹಿಡಿದಿದ್ದವಳು ಅಮ್ಮ. ಫೋನಿನಲ್ಲಿ ಏನು ಕೇಳಿದರೂ ಬೇಡ ಅಂತಲೇ ಒತ್ತು, ಇಲ್ಲದಿದ್ದರೆ ಮೋಸ ಹೋಗ್ತೀಯ ಎಂದು ಅಮ್ಮನಿಗೆ ಅರೆದು ಕುಡಿಸಿದವಳು ಮುಳ್ಳಕ್ಕನೇ. ಅಮ್ಮ ಪಾಠ ಮರೆತಿರಲಿಲ್ಲ. ಬೇಡ ಎಂದು ಒತ್ತಿದಳು.

ಅಲ್ಲಿಂದ ಅಪ್ಪನ ದನಿ ಏರತೊಡಗಿತು.

ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ. ಅಪ್ಪ ನೆಟ್ಟಗೆ ಕೂತು, ಬಲಗೈಯ ತೋರುಬೆರಳಿನಿಂದ ಗುಂಡಿ ಒತ್ತಿ, ಕತ್ತಿನ ನರ ಉಬ್ಬುವಂತೆ ಬಾಯಿ ತೆರೆಯುವನು. ಮುಳ್ಳು ಮೇಲೇರುವುದು, ಹಿಂದಿನ ಸಲಕ್ಕಿಂತ ಒಂದು ಚೂರು ಹೆಚ್ಚು. ಒಂದು ಸಲವೂ ಹಿಂದೆ ಬೀಳಲಿಲ್ಲ. ಅಮ್ಮ ಮೊದಮೊದಲು ಸುಮ್ಮನಿದ್ದಳು. ಮುಳ್ಳು ಹಳದಿಗೆ ಬಂದ ದಿನ, "ನಿನ್ನೆಗಿಂತ ಜೋರಾಗಿದೆ ಅಲ್ವೇನೇ?" ಎಂದಳು. ಮುಳ್ಳಕ್ಕ ಕಿವಿಗೊಟ್ಟಳು. ಹೌದು, ಜೋರಾಗಿಯೇ ಇತ್ತು. ಕಣ್ಣು ಹೇಳಿದ್ದನ್ನು ಕಿವಿ ತುಟಿಪಿಟಕ್ಕೆನ್ನದೆ ಒಪ್ಪಿಕೊಂಡಿತ್ತು. ಆಸ್ಪತ್ರೆಯ ಮಾತಿನ ಡಾಕ್ಟರಮ್ಮ ಒಮ್ಮೆ ಫೋನಿನಲ್ಲಿ ಕೇಳಿಸಿಕೊಂಡು, "ನನಗಿಲ್ಲಿ ಅಷ್ಟಾಗಿ ಕೇಳಿಸ್ತಿಲ್ಲ. ಫೋನಿಂದಿರಬೇಕು. ಮುಳ್ಳು ಏರ್ತಿದೆಯಲ್ಲ, ಬಿಡಬೇಡಿ, ಮುಂದುವರಿಸಿ" ಎಂದರು.

ಇಲ್ಲಿ ನನಗೆ ಸಿಟ್ಟು ಬರುತ್ತದೆ. ಊರವರ ಗುಂಡಿಯಲ್ಲೆಲ್ಲ ಹುಳುಕು ಹುಡುಕುವ ಈ ಹೆಂಗಸಿಗೆ, ಯಾವ ಮನುಷ್ಯನ ಗಂಟಲೂ ಹೀಗೆ ಮೆಟ್ಟಿಲು ಹತ್ತಿದ ಹಾಗೆ ಸಮನಾಗಿ ಏರುವುದಿಲ್ಲ ಎಂದು ಹೊಳೆಯಬಾರದೇ? ಸುಳ್ಳು ಕೂಗುದಾರನನ್ನು ಮುಖ ನೋಡಿಯೇ ಹಿಡಿಯುತ್ತಿದ್ದ ಆ ಮುದುಕನಿಗಾದರೂ ಅನುಮಾನ ಬರಬಾರದೇ? ಬರಲಿಲ್ಲ. ಮಗಳು ಮಾಡಿದ ಮುಳ್ಳು ಎಂದು ಅವನು ನಂಬಿದ. ಅಪ್ಪನ ದನಿ ಎಂದು ಅವಳು ನಂಬಿದಳು.

ಮುಳ್ಳು ಹಸಿರಿಗೆ ಬಂದಾಗ ಅಪ್ಪ ಬೀರುವಿನತ್ತ ಕೈ ತೋರಿಸಿದ. ಮಾರುಕಟ್ಟೆಗೆ ಹಾಕಿಕೊಂಡು ಹೋಗುತ್ತಿದ್ದ ದಪ್ಪ ಬಟ್ಟೆಯ ಅಂಗಿ ಹೊರಗೆ ಬಂತು. ಅಮ್ಮ ಅದಕ್ಕೆ ಇಸ್ತ್ರಿ ಹಾಕಿ ಗೂಟಕ್ಕೆ ನೇತುಹಾಕಿದಳು. ಹೋಗೋಣವೇ ಎಂದರೆ ಅಪ್ಪ ಈಗಲೇ ಬೇಡವೆಂದು ತಲೆಯಾಡಿಸಿ ಪಟ್ಟಿಯ ತುತ್ತತುದಿಗೆ ಬೆರಳಿಟ್ಟ. ನೂರಾಗಬೇಕು. ಅರ್ಧ ಗಂಟಲಿಟ್ಟುಕೊಂಡು ಮೂಟೆ ಹತ್ತುವವನು ಅವನಲ್ಲ. ಅಂಗಿ ಗೂಟದಲ್ಲಿ ನೇತಾಡುತ್ತ ಅವನನ್ನು ಕಾಯಿತು. ಮನೆಯಲ್ಲಿ ಮೂವರೂ ಬೇರೆ ಮಾತನ್ನೇ ಮರೆತರು.

ಒಂದು ಸಂಜೆ ನೂರಾಯಿತು. ಅಮ್ಮ ಕಣ್ಣೊರೆಸಿಕೊಂಡಳು. ಮುಳ್ಳಕ್ಕ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು. ಮಾರುಕಟ್ಟೆಯಲ್ಲಿ ಮೂಟೆ ತೂಗುವ ಅಪ್ಪನ ಹಳೆಯ ಗೆಳೆಯನಿಗೆ, ಅವಳ ತಕ್ಕಡಿ ಮಾವನಿಗೆ, ಆಗಲೇ ಫೋನು ಹೋಯಿತು.

"ನಾಳೆ ಬೆಳಗ್ಗೆ ನಾನೇ ಬಂದು ಕರ್ಕೊಂಡು ಹೋಗ್ತೀನಿ ಕಣಮ್ಮ. ಮೊದಲನೇ ಮೂಟೆ ಕಂಚಣ್ಣನೇ ಕೂಗಬೇಕು. ಈಗ ಕೂಗೋ ಹುಡುಗರದ್ದು ಒಂದು ಗಂಟಲಾ? ಸೊಳ್ಳೆ ಗುಯ್ಗುಟ್ಟಿದ ಹಾಗೆ."

ಮಾರನೆಯ ಬೆಳಗ್ಗೆ ಮುಳ್ಳಕ್ಕ ಕಚೇರಿಗೆ ಬಂದು ಇನ್ನೂ ದಿಂಬು ಸರಿ ಮಾಡಿಕೊಳ್ಳುತ್ತಿದ್ದಳು, ಅಮ್ಮನ ಫೋನು ಬಂತು.

"ನೀನು ಈಗಲೇ ಬಾ. ನಿಮ್ಮಪ್ಪ ಚಪ್ಪಲಿ ಹಾಕ್ಕೊಂಡು ಹಾಗೇ ಕೂತುಬಿಟ್ಟಿದ್ದಾರೆ. ಏಳ್ತಾ ಇಲ್ಲ."

"ಏನಾಯ್ತಮ್ಮ? ತಲೆ ಸುತ್ತು ಬಂತಾ?"

"ಇಲ್ಲ ಕಣೆ. ತಕ್ಕಡಿಯವ್ರು ಬಂದಿದ್ರಾ, ಅವ್ರಿಗೆ ತೋರಿಸೋಣ ಅಂತ ಹೊರಡೋ ಮುಂಚೆ ಒಂದು ಸಲ ಗುಂಡಿ ಒತ್ತಿದ್ರು. ಮುಳ್ಳು ಏಳಲೇ ಇಲ್ಲ."

"ಏಳಲಿಲ್ಲ ಅಂದ್ರೆ? ಎಷ್ಟು ತೋರಿಸ್ತು?"

"ಸೊನ್ನೆ. ನಿನ್ನೆ ಸಂಜೆ ನೂರಿತ್ತು, ಈಗ ಸೊನ್ನೆ. ಅಷ್ಟು ಬೇಗ ಹೇಗೆ ಹೋಗುತ್ತೆ? ಮತ್ತೆ ಲಕ್ವ ಏನಾದ್ರೂ..."

ಮುಂದಿನದು ಮುಳ್ಳಕ್ಕನಿಗೆ ಕೇಳಿಸಲಿಲ್ಲ. ನೂರು, ಅದರ ಹಿಂದೆಯೇ ಸೊನ್ನೆ. ಲೋಕದಲ್ಲಿ ಇನ್ನಾರಿಗೂ ಆ ಎರಡು ಅಂಕಿಯಿಂದ ಏನೂ ತಿಳಿಯುತ್ತಿರಲಿಲ್ಲ. ಅದು ಅವಳದೇ ಸಾಲು, ಅವಳದೇ ಕೈಬರಹವಿದ್ದ ಹಾಗೆ. ಫೋನನ್ನು ಕಿವಿಗೆ ಹಿಡಿದುಕೊಂಡೇ ಕಂಪ್ಯೂಟರಿನಲ್ಲಿ ಆ ಸಾಲನ್ನು ತೆರೆದು ನೋಡಿದಳು. ಬಿಟ್ಟಲ್ಲೇ ಇತ್ತು.

"ಅಮ್ಮ, ಮೊದಲ ದಿನ ಟ್ಯಾಬ್ಲೆಟ್ಟು ಏನಾದ್ರೂ ಕೇಳ್ತಾ?"

"ಏನೋ ಕೇಳ್ತಪ್ಪ. ಬೇಡ ಅಂದೆ. ನೀನೇ ಹೇಳಿದ್ದೆಯಲ್ಲ?" ಅಮ್ಮ ತಡೆದಳು. "ಯಾಕೆ? ನಾನೇನಾದ್ರೂ ತಪ್ಪು ಒತ್ತಿದ್ನಾ?"

"ಇಲ್ಲಮ್ಮ. ನೀನು ಸರಿಯಾಗೇ ಒತ್ತಿದ್ದೀಯ."

ಮ್ಯಾನೇಜರಿಗೆ ಹೇಳಿದಳು. ಅವನು ಗಾಬರಿಯಿಂದ ಉಳಿದ ಮನೆಗಳನ್ನೆಲ್ಲ ವಿಚಾರಿಸಿ, ಎಲ್ಲರೂ ಮೈಕಿಗೆ ಹೂಂ ಎಂದಿದ್ದಾರೆ, ಅವರ ಅಂಕಿಗಳೆಲ್ಲ ನಿಜವಾದವೇ ಎಂದು ತಿಳಿದು ನಿಟ್ಟುಸಿರು ಬಿಟ್ಟ.

"ಪುಣ್ಯಕ್ಕೆ ನಿಮ್ಮನೇಲಿ ಮಾತ್ರ ಆಗಿದೆ. ಹೊರಗಿನವರಿಗೆ ಆಗಿದ್ರೆ ಮಾನ ಹೋಗ್ತಿತ್ತು."

ಅವಳು ಸಾಲನ್ನು ಅಳಿಸಿದಳು. ಅಳಿಸಲು ಒಂದು ಉಸಿರು ಎಳೆದು ಬಿಡುವಷ್ಟು ಹೊತ್ತೂ ಬೇಕಾಗಲಿಲ್ಲ. ಮೈಕ್ ಇಲ್ಲದಿದ್ದರೆ ಮುಳ್ಳನ್ನೇ ತೋರಿಸಬೇಡ ಎಂದು ಬರೆದು ಮನೆಗೆ ಹೊರಟಳು. ಬಸ್ಸಿನಲ್ಲಿ ಒಂದೇ ಯೋಚನೆ. ಆ ಸೊನ್ನೆ ಒಂದು ದಿನ ತಡವಾಗಿ ಬಂದಿದ್ದರೆ ಅಪ್ಪ ಮೂಟೆಯ ಮೇಲೆ ನಿಂತು, ಇಡೀ ಮಾರುಕಟ್ಟೆಯ ಮುಂದೆ ಬಾಯಿ ತೆರೆಯುತ್ತಿದ್ದ. ತಕ್ಕಡಿ ಮಾವ ತಲೆ ತಗ್ಗಿಸುತ್ತಿದ್ದ. ಆ ಸಾಲು ಮಾಡಿದ ಒಂದೇ ಒಂದು ಉಪಕಾರ ಅದು. ಅದರಿಂದ ಅವಳಿಗೆ ಸಮಾಧಾನವೇನೂ ಆಗಲಿಲ್ಲ.

ತಕ್ಕಡಿ ಮಾವ ಹೊರಟುಹೋಗಿದ್ದ. ಅಪ್ಪ ಇಸ್ತ್ರಿ ಅಂಗಿ ಹಾಕಿಕೊಂಡು ಮಂಚದ ಅಂಚಿನಲ್ಲಿ ಕೂತಿದ್ದ, ಚಪ್ಪಲಿ ಕಾಲಲ್ಲೇ ಇತ್ತು. ಅಮ್ಮ ಬಾಗಿಲಲ್ಲೇ ಅವಳ ತೋಳು ಹಿಡಿದು ಪಿಸುಗುಟ್ಟಿದಳು.

"ಮೆಷಿನ್ ಕೆಟ್ಟಿದೆ ಅಂತ ಹೇಳಿದ್ದೀನಿ. ನೀನೂ ಹಾಗೇ ಹೇಳು. ರಿಪೇರಿ ಮಾಡಿ ಮತ್ತೆ ನೂರಕ್ಕೆ ತಾ."

ಅಮ್ಮ ತನಗೆ ತಿಳಿಯದೆಯೇ ಇಡೀ ಸತ್ಯವನ್ನು ಹೇಳಿಬಿಟ್ಟಿದ್ದಳು. ಮುಳ್ಳನ್ನು ಮತ್ತೆ ನೂರಕ್ಕೆ ತರುವುದು ಮುಳ್ಳಕ್ಕನಿಗೆ ಕಷ್ಟವೇನಾಗಿರಲಿಲ್ಲ. ಒಂದು ಗಳಿಗೆ ಅವಳಿಗೆ ಆಸೆಯೂ ಆಯಿತು. ಅಪ್ಪ ಟ್ಯಾಬ್ಲೆಟ್ಟನ್ನು ಅವಳ ಕಡೆ ನೂಕಿ, ಅದೇ ಹಳೆಯ ಅವಸರದಿಂದ, ಬೇಗ ಸರಿಮಾಡು ಎಂದು ಕೈಯಾಡಿಸಿದ. ಹೊಸ ಆ್ಯಪನ್ನು ಹಾಕಿದಳು. ಅದು ಮೈಕ್ ಬಳಸಬಹುದೇ ಎಂದು ಕೇಳಿತು. ಹೂಂ ಎಂದು ಒತ್ತಿದಳು. ಆದರೆ ಅಪ್ಪನ ಕೈಗೆ ಕೊಡಲಿಲ್ಲ, ತನ್ನ ತೊಡೆಯ ಮೇಲೆ ಇಟ್ಟುಕೊಂಡಳು.

"ಅಪ್ಪ, ಮೆಷಿನ್ ಇವತ್ತು ಕೆಟ್ಟಿದ್ದಲ್ಲ. ಮೊದಲ ದಿನದಿಂದಾನೂ ಕೆಟ್ಟಿತ್ತು. ಅದು ನಿನ್ನ ದನಿ ಕೇಳಿಸ್ಕೊಳ್ತಾನೇ ಇರಲಿಲ್ಲ. ಸುಮ್ಮನೆ ತಾನಾಗೇ ಏರ್ತಿತ್ತು. ಆ ಥರ ಏರೋ ಹಾಗೆ ಮಾಡಿದ್ದು ನಾನೇ. ಪರೀಕ್ಷೆಗೆ ಅಂತ ಮಾಡಿದ್ದೆ, ತೆಗೆಯೋದನ್ನ ಬಿಟ್ಟೆ. ತಪ್ಪು ನಂದು. ನಿನಗೆ ಮತ್ತೆ ಏನೂ ಆಗಿಲ್ಲ. ನಿನ್ನೆ ಹೇಗಿತ್ತೋ ಇವತ್ತೂ ಹಾಗೇ ಇದೆ."

ಕೊನೆಯ ಮಾತು ಸಮಾಧಾನಕ್ಕೆಂದು ಹೇಳಿದ್ದು. ಹೇಳಿದ ಮೇಲೆ ಅದೇ ಎಲ್ಲಕ್ಕಿಂತ ಕ್ರೂರವಾಗಿ ಕೇಳಿಸಿತು. ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಅಪ್ಪ ಮಗಳ ಮುಖವನ್ನೇ ನೋಡುತ್ತಿದ್ದ, ಗುಂಪಿನಲ್ಲಿ ಯಾರು ಯಾರ ಆಸಾಮಿ ಎಂದು ಅಳೆಯುವಾಗ ನೋಡುತ್ತಿದ್ದ ಹಾಗೆ. ಆಮೇಲೆ ಕೈ ಚಾಚಿ ಟ್ಯಾಬ್ಲೆಟ್ಟನ್ನು ತೆಗೆದುಕೊಂಡು ತನ್ನೆದುರು ಮಂಚದ ಮೇಲೆ ನಿಲ್ಲಿಸಿ, ಬೆನ್ನು ನೆಟ್ಟಗೆ ಮಾಡಿದ. ಗುಂಡಿ ಒತ್ತಿದ.

ಕತ್ತಿನ ನರ ಉಬ್ಬಿತು, ಮುಖ ಕೆಂಪಗಾಯಿತು. ಮುಳ್ಳು ಅಲುಗಿತು. ಹನ್ನೊಂದಕ್ಕೆ ಹೋಗಿ ನಿಂತು ನಡುಗಿತು. ಪೂರ್ತಿ ಕೆಂಪು. ಇಷ್ಟು ದಿನ ಅದು ಒಮ್ಮೆಯೂ ನಡುಗಿರಲಿಲ್ಲ ಎಂದು ಮುಳ್ಳಕ್ಕನಿಗೆ ಆಗ ಹೊಳೆಯಿತು. ಅಪ್ಪ ಇನ್ನೊಂದು ಸಲ ಒತ್ತಿದ, ಒಂಬತ್ತು. ಮೂರನೇ ಸಲ ಮತ್ತೆ ಹನ್ನೊಂದು.

"ಇದು ನಿಜವಾಗ್ಲೂ ನಿಂದು ಅಪ್ಪ. ಇಲ್ಲಿಂದ ಶುರುಮಾಡೋಣ. ಡಾಕ್ಟರಮ್ಮ ಹೇಳ್ತಾರಲ್ಲ, ದಿನಾ ಮಾಡಿದ್ರೆ..."

ಅಪ್ಪ ಬಲಗೈ ಎತ್ತಿ ಅವಳನ್ನು ತಡೆದ. ಆ ಕೈ ಕೆಳಗಿಳಿಯಲಿಲ್ಲ. ಒಂದು ಬೆರಳು ತೋರಿಸಿದ. ಅಮ್ಮನಿಗೆ ಅರ್ಥವಾಗಲಿಲ್ಲ, "ನೀರು ಬೇಕಾ?" ಎಂದಳು. ಅಪ್ಪ ಕೋಣೆಯ ಆ ಮೂಲೆಯಿಂದ ಈ ಮೂಲೆಯವರೆಗೆ, ಇನ್ನಾರಾದರೂ ಹೆಚ್ಚಿಗೆ ಕೂಗುವವರಿದ್ದಾರೆಯೇ ಎಂಬಂತೆ ಕಣ್ಣಾಡಿಸಿದ. ಎರಡು ಬೆರಳು ತೋರಿಸಿದ.

ಶಾಲೆಯ ಬೆಂಚಿನ ಮೇಲೆ ಗೆಳತಿಯರು ಅಣಕಿಸುತ್ತಿದ್ದದ್ದು ಮುಳ್ಳಕ್ಕನಿಗೆ ನೆನಪಾಯಿತು. ಬೇಡ ಎನ್ನಬೇಕು, ಹನ್ನೆರಡು ಎಂದಾದರೂ ಕೂಗಬೇಕು ಎಂದು ಬಾಯಿ ತೆರೆದಳು.

ಅಪ್ಪ ಮೂರನೇ ಬೆರಳು ಎತ್ತಿದ. ಅಂಗೈ ಬಿಡಿಸಿ ಮಂಚದ ಹಲಗೆಗೆ ಪಟ್ಟೆಂದು ಬಡಿದ.

ಮೈಕ್ ಇನ್ನೂ ಕೇಳಿಸಿಕೊಳ್ಳುತ್ತಲೇ ಇತ್ತು, ಆ ಸದ್ದಿಗೆ ಮುಳ್ಳು ಕೆಂಪು, ಹಳದಿ ಎರಡನ್ನೂ ಹಾರಿ ಹಸಿರಿನ ತುದಿಯವರೆಗೆ ಹೋಯಿತು. ಅಪ್ಪ ಅದನ್ನು ನೋಡಲಿಲ್ಲ. ಬಗ್ಗಿ, ಒಂದೇ ಕೈಯಲ್ಲಿ ಚಪ್ಪಲಿ ಬಿಚ್ಚಿಟ್ಟು, ಇಸ್ತ್ರಿ ಅಂಗಿಯಲ್ಲೇ ಗೋಡೆಯ ಕಡೆ ತಿರುಗಿ ಮಲಗಿದ. ಮುಳ್ಳಕ್ಕ ಪರದೆಯನ್ನೇ ನೋಡುತ್ತ ಕೂತಳು. ಮುಳ್ಳು ದಬಕ್ಕನೆ ಬೀಳಲಿಲ್ಲ. ಅವಳು ಕಲಿಸಿದ್ದ ಹಾಗೆಯೇ, ಮೆತ್ತಗೆ ಇಳಿಯುತ್ತಿತ್ತು.